ಫೋಟೋದ ಕೆಳಗಿನ ಪಾಪಚ್ಚಿ



ನಮ್ಮ ಬಳಗದ ಸಭೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. "ಏನೋ ಸುಮ್ಮನೆ ಹವ್ಯಾಸಕ್ಕೆ ಬರೆದದ್ದು, ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಬೇಡಿ." ಕವನ ಓದುವವರು ಓದುವ ಮುಂಚೆಯೇ ಕ್ಷಮೆ ಕೇಳಿಬಿಡುತ್ತಾರೆ. ವಾರವಿಡೀ ಕೋಡು, ಮೀಟಿಂಗು, ಡೆಡ್‌ಲೈನು ಅಂತ ಕಳೆದು ಶನಿವಾರ ಸಂಜೆ ಕನ್ನಡಕ್ಕೆ ಮರಳುವ ನಾವೆಲ್ಲ ಹವ್ಯಾಸಿಗಳೇ. ಆದರೂ ಹಿಂದೊಮ್ಮೆ ಸ್ಮರಣ ಸಂಚಿಕೆಗೆಂದು ಸದಸ್ಯರೊಬ್ಬರು ತಾವೇ ಬಿಡಿಸಿದ ತಮಾಷೆಯ ಚಿತ್ರಗಳನ್ನು ತಂದಾಗ, "ಯಾರಾದರೂ ಕಲಾವಿದರ ಕೈಲೇ ಮಾಡಿಸೋಣ ಸಾರ್" ಎಂದು ನಯವಾಗಿ ಹೇಳಿ ವಾಪಸು ಕೊಟ್ಟವರೂ ನಾವೇ. ಅದು ಮತ್ತೆ ನೆನಪಾಗಿ ಚುಚ್ಚಿದ್ದು ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕ ಒಂದು ತೆಳ್ಳನೆಯ ಪುಸ್ತಕದಿಂದ.

'ಆಲಿಸಸ್ ಅಡ್ವೆಂಚರ್ಸ್ ಅಂಡರ್ ಗ್ರೌಂಡ್' ಎಂದು ಅದರ ಹೆಸರು. ಹೌದು, ವಂಡರ್‌ಲ್ಯಾಂಡ್ ಅಲ್ಲ, ಅಂಡರ್ ಗ್ರೌಂಡ್. ಡೋವರ್‌ನವರು 1965ರಲ್ಲಿ ತಂದ ಪ್ರತಿಕೃತಿ. ಮುನ್ನುಡಿ ಮಾರ್ಟಿನ್ ಗಾರ್ಡ್ನರ್ ಅವರದು. 'ಸೈಂಟಿಫಿಕ್ ಅಮೆರಿಕನ್'ನ ಗಣಿತ ವಿನೋದದ ಅಂಕಣಗಳಿಂದ ಕಂಪ್ಯೂಟರ್ ಓದಿದವರಿಗೆಲ್ಲ ಪರಿಚಿತ ಹೆಸರು. ನಿಜ ಹೇಳಬೇಕೆಂದರೆ ಆ ಹೆಸರು ನೋಡಿಯೇ ನಾವು ಪುಸ್ತಕ ಕೊಂಡದ್ದು. ಒಳಗೆ ತೆರೆದರೆ ಅಚ್ಚಿನ ಮೊಳೆಯ ಅಕ್ಷರಗಳಿಲ್ಲ. 90 ಪುಟಗಳ ಕೈಬರಹ, ಅದರ ನಡುವೆ ಅಲ್ಲಲ್ಲಿ ಕೂತಿರುವ 37 ಚಿತ್ರಗಳು. ಕತೆ ಹೇಳಿದವನೇ, ಅಕ್ಷರ ದುಂಡಗೆ ಬರೆದವನೇ, ಚಿತ್ರ ಬಿಡಿಸಿದವನೂ.

ಲೂಯಿಸ್ ಕ್ಯಾರಲ್ ಎಂಬ ಹೆಸರಿನಲ್ಲಿ ಬರೆದ ಚಾರ್ಲ್ಸ್ ಡಾಡ್ಜ್‌ಸನ್ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. 1862ರ ಜುಲೈ 4ರಂದು ಕಾಲೇಜಿನ ಡೀನ್ ಸಾಹೇಬರ ಮೂವರು ಹೆಣ್ಣುಮಕ್ಕಳನ್ನು ದೋಣಿಯಲ್ಲಿ ಕೂರಿಸಿಕೊಂಡು, ಗೆಳೆಯ ಡಕ್‌ವರ್ತ್ ಜೊತೆ ಗಾಡ್‌ಸ್ಟೋ ಕಡೆಗೆ ಹುಟ್ಟು ಹಾಕುತ್ತಾ ಈ ಕತೆ ಕಟ್ಟಿದ್ದು, ನಡುವಿನ ಹುಡುಗಿ ಹತ್ತು ವರ್ಷದ ಆಲಿಸ್ "ಇದನ್ನು ನನಗೆ ಬರೆದುಕೊಡಿ" ಎಂದು ಹಟ ಹಿಡಿದದ್ದು ಬಹಳ ಮಂದಿಗೆ ಗೊತ್ತಿರುವ ಸಂಗತಿ. ಅದಾಗಿ ಎರಡು ವರ್ಷಕ್ಕೂ ಮೀರಿ, 1864ರ ನವೆಂಬರ್ 26ರಂದು, ಹಸಿರು ಹೊದಿಕೆಯ ಈ ಪುಸ್ತಕ ಅವಳ ಕೈ ಸೇರಿತು. ಪಠ್ಯ ಎಂದೋ ಮುಗಿದಿತ್ತು. ತಡವಾದದ್ದು ಚಿತ್ರಗಳಿಂದ.

ಕನ್ನಡದ ಒಂದು ಮಾತು ಇಲ್ಲಿ ಹೇಳಲೇಬೇಕು. ನಾ. ಕಸ್ತೂರಿಯವರು ಆಲಿಸ್ ಕತೆಯನ್ನು ಕನ್ನಡಕ್ಕೆ ತಂದಾಗ ಇಟ್ಟ ಹೆಸರು 'ಪಾತಾಳದಲ್ಲಿ ಪಾಪಚ್ಚಿ'. 'ಅನರ್ಥಕೋಶ' ಬರೆದ ಕೈ ಅದು, ಹೆಸರಿಡುವುದರಲ್ಲಿ ಸೋಲುವ ಮಾತೇ ಇಲ್ಲ. 'ಅದ್ಭುತಲೋಕ' ಅಂತಲೋ 'ಮಾಯಾಲೋಕ' ಅಂತಲೋ ಹೋಗದೆ ಅವರು ಪಾತಾಳಕ್ಕೇ ಇಳಿದರು. ಅಚ್ಚಾದ ಇಂಗ್ಲಿಷ್ ಪುಸ್ತಕದ ಹೆಸರಿಗಿಂತ ಈ ಕನ್ನಡದ ಹೆಸರೇ ಕ್ಯಾರಲ್ಲನ ಮೊದಲ ಹೆಸರಿಗೆ ಹತ್ತಿರ. ನಾವು ಕೂಡ ಮುಂದೆ ಅವನ ಹುಡುಗಿಯನ್ನು ಪಾಪಚ್ಚಿ ಎಂದೇ ಕರೆಯುತ್ತೇವೆ.

ಇನ್ನು ಚಿತ್ರಗಳಿಗೆ ಬರೋಣ. ಮೊದಲೇ ಒಪ್ಪಿಕೊಂಡುಬಿಡುತ್ತೇವೆ: ಕ್ಯಾರಲ್‌ಗೆ ಚಿತ್ರ ಬರುತ್ತಿರಲಿಲ್ಲ. ಹುಡುಗನಾಗಿದ್ದಾಗಿನಿಂದ ಮನೆಯ ಮಕ್ಕಳಿಗಾಗಿ 'ರೆಕ್ಟರಿ ಅಂಬ್ರೆಲಾ', 'ಮಿಶ್‌ಮ್ಯಾಶ್' ಅಂತ ಕೈಬರಹದ ಪತ್ರಿಕೆಗಳನ್ನು ಮಾಡಿ ಅದರಲ್ಲಿ ಗೀಚುತ್ತಿದ್ದವನು, ಆಸೆ ದೊಡ್ಡದಿತ್ತು. ಆದರೆ ಚಿತ್ರಕಲೆಗೆ ಹೆಚ್ಚು ಸಮಯ ಕೊಡುವಷ್ಟು ಪ್ರತಿಭೆ ನಿನಗಿಲ್ಲ ಎಂದು ರಸ್ಕಿನ್‌ನಂಥ ಕಲಾವಿಮರ್ಶಕನೇ ಅವನಿಗೆ ಹೇಳಿದ್ದನೆಂದು ಅಣ್ಣನ ಜೀವನಚರಿತ್ರೆ ಬರೆದ ಸಂಬಂಧಿ ಕಾಲಿಂಗ್‌ವುಡ್ ದಾಖಲಿಸಿದ್ದಾನೆ. (ಅಣ್ಣನಲ್ಲ, ಸೋದರಮಾವನ. ಕೈತಪ್ಪಿ ಬಂತು, ಇರಲಿ.) ರಸ್ಕಿನ್ ಹೇಳಿದ್ದು ಸುಳ್ಳಲ್ಲ. ಕೈ ಬೆರಳುಗಳು ಬಂದ ಕಡೆ ಪೆನ್ನು ತಡವರಿಸುತ್ತದೆ. ಪಾಪಚ್ಚಿಯ ಮುಖದಲ್ಲಿ ಖುಷಿಗೂ ಗಾಬರಿಗೂ ಅಂಥ ವ್ಯತ್ಯಾಸವಿಲ್ಲ, ಎಲ್ಲಕ್ಕೂ ಒಂದೇ ಕನಸುಗಣ್ಣಿನ ವಿಷಾದ. ಗ್ರಿಫನ್ ಎಂಬ ಹದ್ದು-ಸಿಂಹದ ಪ್ರಾಣಿಯಂತೂ ಹದ್ದೂ ಅಲ್ಲ ಸಿಂಹವೂ ಅಲ್ಲ.

ಹಾಗಿದ್ದರೆ ಇವನ್ನು ಯಾಕೆ ನೋಡಬೇಕು? ಒಂದೇ ಚಿತ್ರ ಸಾಕು ಹೇಳುವುದಕ್ಕೆ. ಮೊಲದ ಮನೆಯೊಳಗೆ ಪಾಪಚ್ಚಿ ಏನೋ ಕುಡಿದು ಬೆಳೆಯುತ್ತಾ ಹೋಗಿ ಸೂರಿಗೆ ತಲೆ ತಾಗುವ ಸಂದರ್ಭ. ಅಚ್ಚಾದ ಪುಸ್ತಕಕ್ಕೆ ಚಿತ್ರ ಬರೆದ ಜಾನ್ ಟೆನಿಯಲ್ ಇಲ್ಲಿ ಕಿಟಕಿ ಬರೆಯುತ್ತಾನೆ, ಅದರೊಳಗೆ ತೂರಿದ ತೋಳು ಬರೆಯುತ್ತಾನೆ. ನಾವು ಹೊರಗೆ ನಿಂತು, ಅಯ್ಯೋ ಪಾಪ, ಕೋಣೆ ಚಿಕ್ಕದು ಹುಡುಗಿ ದೊಡ್ಡವಳು ಎಂದುಕೊಳ್ಳುತ್ತೇವೆ. ಕ್ಯಾರಲ್ ಕೋಣೆಯನ್ನೇ ಬರೆಯುವುದಿಲ್ಲ! ಒಂದು ಆಯತ ಎಳೆದು ಅದರೊಳಗೆ ಪಾಪಚ್ಚಿಯನ್ನು ಮುದುರಿ ತುರುಕಿಬಿಡುತ್ತಾನೆ. ಚಿತ್ರದ ಚೌಕಟ್ಟೇ ಗೋಡೆ, ಪುಟದ ಅಂಚೇ ಸೂರು. ಗರ್ಭದಲ್ಲಿನ ಮಗುವಿನಂತೆ ಮಡಚಿಕೊಂಡು ಅವಳು ನಮ್ಮ ಕಡೆ ನೋಡುತ್ತಾಳೆ. ಅವಳು ಸಿಕ್ಕಿಹಾಕಿಕೊಂಡಿರುವುದು ಮೊಲದ ಮನೆಯಲ್ಲಲ್ಲ, ನಮ್ಮ ಕೈಲಿರುವ ಪುಸ್ತಕದಲ್ಲಿ.

ಇದು ಕೈ ಪಳಗಿದವನಿಗೆ ಹೊಳೆಯುವುದು ಕಷ್ಟ ಎಂದು ನಮ್ಮ ಅನಿಸಿಕೆ. ಕೋಣೆ ಬರೆಯಲು ಬರುವವನು ಕೋಣೆ ಬರೆಯುತ್ತಾನೆ. ಬಾರದವನು ಕೋಣೆಯ ಕೆಲಸ ಇನ್ಯಾವುದು ಮಾಡಬಲ್ಲದು ಅಂತ ಹುಡುಕುತ್ತಾನೆ. ಮೆಮೊರಿ ಕಡಿಮೆ ಇದ್ದ ಕಾಲದ ಪ್ರೋಗ್ರಾಮುಗಳಲ್ಲಿ ಕೆಲವೊಮ್ಮೆ ಇಂಥ ಜಾಣತನ ಕಾಣುತ್ತಿತ್ತು.

ಇಲಿಯ ಬಾಲವೂ ಹೀಗೆಯೇ. ಇಲಿ ತನ್ನ ದೀರ್ಘವಾದ ದುಃಖದ ಕತೆ ಹೇಳುವಾಗ ಪಾಪಚ್ಚಿಗೆ ಅದು ಬಾಲದ ಆಕಾರದಲ್ಲಿ ಕೇಳಿಸುತ್ತದೆ; ಇಂಗ್ಲಿಷಿನಲ್ಲಿ ಕತೆಗೂ ಬಾಲಕ್ಕೂ ಉಚ್ಚಾರ ಒಂದೇ. ಅಚ್ಚಿನಲ್ಲಿ ಇದಕ್ಕೆ ಬೇರೆ ಬೇರೆ ಅಳತೆಯ ಮೊಳೆ ಜೋಡಿಸಿ ಪಾಡುಪಟ್ಟರು. ಹಸ್ತಪ್ರತಿಯಲ್ಲಿ ಕೈ ತಾನಾಗಿಯೇ ಡೊಂಕಾಗಿ ಸಾಗುತ್ತಾ ಅಕ್ಷರ ಸಣ್ಣದಾಗುತ್ತಾ ಬಾಲದ ತುದಿಗೆ ಬರುತ್ತದೆ. ಬರೆದದ್ದು ಎಲ್ಲಿ ಮುಗಿದು ಬಿಡಿಸಿದ್ದು ಎಲ್ಲಿ ಶುರುವಾಯಿತು ಹೇಳುವುದಕ್ಕಾಗುವುದಿಲ್ಲ. ಅಂದ ಹಾಗೆ ಬಾಲದ ಪದ್ಯವೂ ಬೇರೆ, ಅಚ್ಚಿನಲ್ಲಿರುವುದು ಆಮೇಲೆ ಬರೆದದ್ದು. ಹ್ಯಾಟರನ ಟೀ ಪಾರ್ಟಿ, ನಗುವ ಚೆಷೈರ್ ಬೆಕ್ಕು ಕೂಡ ಇಲ್ಲಿಲ್ಲ.

ರಾಣಿಯ ಕ್ರೋಕೆ ಆಟದಲ್ಲಿ ಚೆಂಡುಗಳು ಜೀವಂತ ಮುಳ್ಳಿಲಿಗಳು, ಕೋಲು? ಎಲ್ಲರಿಗೂ ಗೊತ್ತಿರುವುದು ಫ್ಲೆಮಿಂಗೋ. ಹಸ್ತಪ್ರತಿಯಲ್ಲಿ ಅದು ಉಷ್ಟ್ರಪಕ್ಷಿ! ಆಸ್ಟ್ರಿಚ್ಚನ್ನು ಕಂಕುಳಲ್ಲಿಟ್ಟುಕೊಂಡು ಮುಳ್ಳಿಲಿಗೆ ಹೊಡೆಯುವುದು ಎಂದರೇನು, ಸ್ವಲ್ಪ ಊಹಿಸಿ. ಫ್ಲೆಮಿಂಗೋ ಬಂದಾಗ ಚಿತ್ರ ಅಂದವಾಯಿತು, ಉದ್ದ ಕತ್ತು, ಸಣ್ಣ ತಲೆ, ಕೋಲಿನಂತೆಯೇ ಇದೆ. ಆದರೆ ಕೋಲಿನಂತೆ ಇರುವುದೇ ತಮಾಷೆಯನ್ನು ಅರ್ಧ ತಿಂದುಹಾಕಿತು ಅಂತ ನಮ್ಮ ದೂರು. ಇದನ್ನು ಒಪ್ಪದವರು ಬಳಗದಲ್ಲಿ ಇದ್ದಾರೆ, ಮುಂದಿನ ಸಭೆಯಲ್ಲಿ ಜಗಳವಾಡೋಣ.

ಟೆನಿಯಲ್‌ಗೆ ಅನ್ಯಾಯ ಮಾಡಬಾರದು. 'ಪಂಚ್' ಪತ್ರಿಕೆಯ ವ್ಯಂಗ್ಯಚಿತ್ರಕಾರ, ರಾಣಿಯ ಸಿಟ್ಟು ಬರೆಯಲು ಅವನೇ ಬೇಕು. ಡಾಲ್‌ಝೀಲ್ ಸಹೋದರರು ಮರದಚ್ಚಿನಲ್ಲಿ ಕೆತ್ತಿದ ಅವನ 42 ಚಿತ್ರಗಳಿಲ್ಲದೆ ಆ ಪುಸ್ತಕ ಇಷ್ಟು ದೂರ ಬರುತ್ತಿರಲಿಲ್ಲವೇನೋ. 1865ರಲ್ಲಿ ಅಚ್ಚಾದ ಮೊದಲ 2000 ಪ್ರತಿಗಳಲ್ಲಿ ಚಿತ್ರಗಳು ಸರಿಯಾಗಿ ಮೂಡಿಲ್ಲ ಎಂದು ಅವನು ತಕರಾರು ತೆಗೆದದ್ದೇ ತಡ, ಕ್ಯಾರಲ್ ಆ ಮುದ್ರಣವನ್ನೇ ಹಿಂತೆಗೆದುಕೊಂಡ. ವೃತ್ತಿಪರನ ಮಾತಿಗೆ ಹವ್ಯಾಸಿ ಕೊಟ್ಟ ಗೌರವ ಅಷ್ಟಿತ್ತು. ತನ್ನ ಚಿತ್ರಗಳ ಪ್ರತಿಕೃತಿಯನ್ನು ಅವನು ಲೋಕಕ್ಕೆ ತೋರಿಸಿದ್ದು 1886ರಲ್ಲಿ, ಆಲಿಸ್ ಖ್ಯಾತಳಾಗಿ ಇಪ್ಪತ್ತು ವರ್ಷ ಕಳೆದ ಮೇಲೆ, ಅವಳ ಒಪ್ಪಿಗೆ ಪಡೆದು.

ಇನ್ನೊಂದು ಸಂಗತಿ. ಚಿತ್ರಗಳಲ್ಲಿನ ಪಾಪಚ್ಚಿಗೆ ಉದ್ದನೆಯ ಅಲೆಅಲೆಯಾದ ಕೂದಲು. ನಿಜವಾದ ಆಲಿಸ್ ಲಿಡೆಲ್‌ಗೆ ಕಪ್ಪು ಮೋಟುಕೂದಲು, ಹಣೆಯ ಮೇಲೆ ನೇರ ಕತ್ತರಿಸಿದ್ದು. ಕ್ಯಾರಲ್ 1863ರಲ್ಲಿ ಆರ್ಥರ್ ಹ್ಯೂಸ್ ಎಂಬ ಕಲಾವಿದನಿಂದ ಲೈಲಾಕ್ ಹೂಗಳ ಜೊತೆಗಿರುವ ಹುಡುಗಿಯ ಒಂದು ಚಿತ್ರ ಕೊಂಡಿದ್ದ. ಪಾಪಚ್ಚಿಯಲ್ಲಿ ಅದರ ಛಾಯೆ ಕಾಣುತ್ತದೆ. ಅದೇ ವರ್ಷದ ಜೂನ್‌ನಲ್ಲಿ ಲಿಡೆಲ್ ಮನೆಯವರ ಜೊತೆಗಿನ ಅವನ ಒಡನಾಟ ಮುರಿಯಿತು. ಡೈರಿಯ ಆ ಪುಟವನ್ನು ಯಾರೋ ಕತ್ತರಿಸಿದ್ದಾರೆ, ಕಾರಣ ಏನೆಂದು ಈಗಲೂ ವಾದ ನಡೆಯುತ್ತದೆ. ನಾವು ಆ ಕಡೆ ಹೋಗುವುದಿಲ್ಲ. ಆದರೆ ಈ 37ರಲ್ಲಿ ಬಹಳಷ್ಟನ್ನು ಅವನು ಬಿಡಿಸಿದ್ದು ಆ ಮನೆಗೆ ಮೊದಲಿನಂತೆ ಹೋಗಲಾಗದ ದಿನಗಳಲ್ಲಿ ಎಂಬುದು ತಿಳಿದ ಮೇಲೆ, ಬೇರೆ ಯಾರದೋ ಕೂದಲು ಹೊತ್ತ ಈ ಹುಡುಗಿಯನ್ನು ನೋಡುವ ರೀತಿ ಬದಲಾಗುತ್ತದೆ.

ಪುಸ್ತಕದ ಕೊನೆಯ ಪುಟದಲ್ಲಿ ಕ್ಯಾರಲ್ ತಾನೇ ತೆಗೆದ, ಏಳು ವರ್ಷದ ಆಲಿಸ್‌ಳ ಫೋಟೋ ಅಂಟಿಸಿದ್ದಾನೆ. ಫೋಟೋಗ್ರಫಿ ಅವನ ಇನ್ನೊಂದು ಹವ್ಯಾಸ, ಅದರಲ್ಲಿ ಅವನ ಕಾಲದ ಒಳ್ಳೆಯ ಕೈಗಳಲ್ಲಿ ಒಂದು ಅವನದು. ಮುದುಕಿಯಾದ ಆಲಿಸ್ 1928ರಲ್ಲಿ ಈ ಪುಸ್ತಕವನ್ನು ಹರಾಜಿಗಿಟ್ಟಾಗ 15,400 ಪೌಂಡಿಗೆ ಅಮೆರಿಕದ ವ್ಯಾಪಾರಿ ಕೊಂಡ. ಯುದ್ಧ ಮುಗಿದ ಮೇಲೆ ಅಮೆರಿಕದ ಪುಸ್ತಕಪ್ರಿಯರು ಹಣ ಕೂಡಿಸಿ ಅದನ್ನು ಕೊಂಡು, ಹಿಟ್ಲರನಿಗೆ ಎದುರು ನಿಂತದ್ದಕ್ಕೆ ಕೃತಜ್ಞತೆಯೆಂದು 1948ರಲ್ಲಿ ಬ್ರಿಟನ್ನಿಗೆ ಮರಳಿಸಿದರು. ಇಷ್ಟು ಕೈ ಬದಲಾದರೂ ಆ ಫೋಟೋ ಅಂಟಿದಲ್ಲೇ ಇತ್ತು. 1977ರಲ್ಲಿ ಮಾರ್ಟನ್ ಕೋಹೆನ್ ಎಂಬ ವಿದ್ವಾಂಸರು ಅದರ ಕೆಳಗೆ ಒಂದು ಚಿತ್ರವಿರುವುದನ್ನು ಕಂಡುಹಿಡಿದರು. ಕ್ಯಾರಲ್ ಮೊದಲು ಆ ಜಾಗದಲ್ಲಿ ಆಲಿಸ್‌ಳ ಮುಖ ಬಿಡಿಸಿದ್ದ. ಮೆಚ್ಚಿಗೆಯಾಗದೆ ಫೋಟೋ ಅಂಟಿಸಿ ಮುಚ್ಚಿಬಿಟ್ಟಿದ್ದ.

ಆ ಮುಖಕ್ಕೆ ಉದ್ದ ಕೂದಲಿಲ್ಲ. ಹಣೆಯ ಮೇಲೆ ನೇರ ಕತ್ತರಿಸಿದ ಕಪ್ಪು ಮೋಟುಕೂದಲು.

ನಮ್ಮ ಸದಸ್ಯರಿಗೆ ಮೊನ್ನೆ ಫೋನ್ ಮಾಡಿ, ಆ ಚಿತ್ರಗಳು ಇನ್ನೂ ಇವೆಯೇ ಎಂದು ಕೇಳಿದೆವು. "ಎಲ್ಲೋ ಗ್ಯಾರೇಜಿನಲ್ಲಿರಬೇಕು, ಹುಡುಕಬೇಕು" ಎಂದರು.