ಮಗಳ ವಾಟ್ಸಾಪ್, ಅಪ್ಪನ ಫೋನು

“ಕಾಲ ಕೆಟ್ಟೋಗೈತೆ ಸ್ವಾಮಿ, ನೋಡ್ದೆ ಇರಾಕಾಯ್ತದಾ?” ಮಕ್ಕಳ ಫೋನನ್ನು ಅವರಿಗೆ ತಿಳಿಯದಂತೆ ನೋಡುವುದು ಸರಿಯೇ ಎಂದು ದೊಡ್ಡಬಳ್ಳಾಪುರ, ನೆಲಮಂಗಲದ ಕಡೆ ಯಾರನ್ನೇ ಕೇಳಿದರೂ ಬರುವ ಮಾತು ಹೆಚ್ಚುಕಮ್ಮಿ ಇದೇ. ಭಯ ಸುಳ್ಳಲ್ಲ. 2020ರಲ್ಲಿ ಶಾಲೆ ಮುಚ್ಚಿ ಪಾಠವೆಲ್ಲ ಫೋನಿಗೆ ಬಂದಾಗ, ಮನೆಗೊಂದೇ ಫೋನಿದ್ದ ಮಗ್ಗದ ಮನೆಗಳೂ ಸಾಲಸೋಲ ಮಾಡಿ ಇನ್ನೊಂದು ಕೊಂಡವು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಹುಡುಗಿಯರಿಗೆ ಯಲಹಂಕದ ಕಾಲೇಜು ದೂರವೆನ್ನಿಸದಾಯಿತು. ಅಮ್ಮ ಬೆಳಗಾಗುತ್ತಲೇ ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾಳೆ, ಅಪ್ಪ ಮಗ್ಗದ ಮುಂದೆಯೋ ಹೊಸಕೋಟೆಯ ಗೋಡೌನಿನ ಪಾಳಿಯಲ್ಲೋ ಇರುತ್ತಾನೆ. ದಿನವಿಡೀ ಮಗಳ ಜೊತೆಗಿರುವುದು ಫೋನು ಮಾತ್ರ. ಫೋಟೊ ತಿರುಚಿ ಬೆದರಿಸುವವರು, ಹುಡುಗಿಯ ಹೆಸರಿಟ್ಟುಕೊಂಡು ಇನ್‌ಸ್ಟಾಗ್ರಾಮಿನಲ್ಲಿ ಮಾತಿಗೆಳೆಯುವ ಗಂಡಸರು ಇರುವುದೂ ನಿಜವೇ. ಆದರೆ ಭಯ ನಿಜವಾದ ಮಾತ್ರಕ್ಕೆ ಉಪಾಯ ಸರಿಯಾಗಿಬಿಡುವುದಿಲ್ಲ. ಕಾವಲು ಎಂದು ಕರೆಸಿಕೊಳ್ಳುವ ಈ ರೂಢಿ ಮಕ್ಕಳನ್ನು ನಿಜಕ್ಕೂ ಕಾಯುತ್ತದೆಯೇ ಎಂದು ನೋಡಬೇಕು.

ಮಾಡುವುದು ಬಲು ಸುಲಭ. ಮಗಳ ಫೋನಿನ ಲಾಕ್ ಗೊತ್ತಿದ್ದರೆ, ಅವಳು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ವಾಟ್ಸಾಪಿನ ‘ಲಿಂಕ್ಡ್ ಡಿವೈಸಸ್’ ತೆರೆದು ಒಂದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಮುಗಿಯಿತು, ಅವಳ ಮೆಸೇಜು ಅಪ್ಪನ ಫೋನಿನಲ್ಲೂ ಕಾಣುತ್ತದೆ. ಇನ್ನೂ ಆಳಕ್ಕಿಳಿಯುವವರಿಗೆ ಗೂಢಚಾರ ಆ್ಯಪ್‌ಗಳಿವೆ. ಇಂಥವನ್ನು ಗೂಗಲ್ ಕೂಡ ಒಪ್ಪುವುದಿಲ್ಲ. 2020ರ ಅಕ್ಟೋಬರ್ 1ರಿಂದ ಅದರ ಪ್ಲೇ ಸ್ಟೋರಿನಲ್ಲಿ ಕದ್ದು ನೋಡುವ ಆ್ಯಪ್‌ಗೆ ಜಾಗವಿಲ್ಲ. ಹೆತ್ತವರಿಗೆಂದೇ ಮಾಡಿದ ಆ್ಯಪ್ ಆದರೂ ಅದು ಮಗುವಿನ ಫೋನಿನಲ್ಲಿ ಕಣ್ಣಿಗೆ ಕಾಣುವಂತಿರಬೇಕು. ಹಾಗಾಗಿ ಅಡಗಿ ಕೂರುವಂಥದ್ದನ್ನು ಹೊರಗಿನಿಂದ ತಂದು, ಫೋನಿನ ರಕ್ಷಣೆಯನ್ನು ಆಫ್ ಮಾಡಿ ಹಾಕಬೇಕು. ಇದು ಎಲ್ಲ ಅಪ್ಪಂದಿರಿಗೂ ಬರುವ ವಿದ್ಯೆಯಲ್ಲ, ಅದಕ್ಕೇ ಮೊಬೈಲ್ ಅಂಗಡಿಯ ಹುಡುಗನ ಸಹಾಯ. ಅಪರಿಚಿತ ಗಂಡಸರಿಂದ ಮಗಳನ್ನು ಕಾಪಾಡಲು ಹೊರಟವರು ಮೊದಲು ಮಾಡುವುದೇ ಅವಳ ಪಾಸ್‌ವರ್ಡನ್ನೂ ಫೋಟೊಗಳನ್ನೂ ಒಬ್ಬ ಅಪರಿಚಿತ ಗಂಡಸಿನ ಕೈಗೆ ಒಪ್ಪಿಸುವ ಕೆಲಸ! ಅಂಗಡಿಯವನು ಒಳ್ಳೆಯವನೇ ಇದ್ದಾನು, ಆ್ಯಪಿನ ಕಂಪನಿಯ ಗತಿಯೇನು? ಅಮೆರಿಕದ ‘ಟೀನ್‌ಸೇಫ್’ ಹೆತ್ತವರಿಗೆಂದೇ ಇದ್ದ ಆ್ಯಪ್. ಅದರ ಸರ್ವರ್ ಬೀಗವಿಲ್ಲದೆ ಬಿದ್ದಿದ್ದು, ಮಕ್ಕಳ ಆ್ಯಪಲ್ ಐಡಿಯೂ ಪಾಸ್‌ವರ್ಡೂ ಬಯಲಾಗಿವೆಯೆಂದು 2018ರ ಮೇ ತಿಂಗಳಲ್ಲಿ ಗೊತ್ತಾಯಿತು.

ಇಷ್ಟೆಲ್ಲ ಮಾಡಿ ತಿಳಿಯುವುದಾದರೂ ಎಷ್ಟು? ಸ್ವೀಡನ್ನಿನಲ್ಲಿ ಹಾಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ 14 ವರ್ಷದ 703 ಮಕ್ಕಳನ್ನೂ ಅವರ ಹೆತ್ತವರನ್ನೂ ವಿಚಾರಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮಕ್ಕಳ ಬಗ್ಗೆ ಹೆತ್ತವರಿಗೆ ಗೊತ್ತಿರುವುದರಲ್ಲಿ ಹೆಚ್ಚಿನ ಪಾಲು ಮಕ್ಕಳು ತಾವಾಗಿ ಹೇಳಿದ್ದು, ಕಾವಲು ಕಾದು ತಿಳಿದದ್ದು ಕಡಿಮೆ ಎಂಬುದು ಅದರ ತಿರುಳು. 2013ರ ಡಚ್ ಅಧ್ಯಯನವೊಂದು ಇನ್ನೂ ಕಹಿಯಾದ ಮಾತು ಹೇಳಿತು: ಹೆತ್ತವರು ತಮ್ಮ ಗುಟ್ಟಿಗೆ ಕೈಹಾಕುತ್ತಾರೆಂದು ಮಕ್ಕಳಿಗೆ ಅನ್ನಿಸಿದ ಮನೆಗಳಲ್ಲಿ, ಮುಂದೆ ಹೆತ್ತವರಿಗೆ ತಿಳಿಯುವುದೇ ಕಡಿಮೆಯಾಗುತ್ತದೆ. ಹುಡುಗಿಗೆ ಗೊತ್ತಾಗದೆ ಇರುತ್ತದೆಯೇ? ಲಿಂಕ್ ಆದ ಫೋನಿನ ಪಟ್ಟಿ ಅವಳ ವಾಟ್ಸಾಪಿನಲ್ಲೇ ಇರುತ್ತದೆ. ಗೊತ್ತಾದ ದಿನದಿಂದ ಮಾತುಕತೆ ಗೆಳತಿಯ ಫೋನಿಗೆ ಹೋಗುತ್ತದೆ. ನಾಳೆ ಯಾವನೋ ನಿಜವಾಗಿ ಬೆದರಿಸಿದಾಗ ಅವಳು ಮನೆಯಲ್ಲಿ ಬಾಯಿಬಿಡುವುದಿಲ್ಲ. ನನ್ನ ದೊಡ್ಡ ತಕರಾರು ಇದೇ.

ಇನ್ನೊಂದು ತಕರಾರನ್ನು ಹೇಳಿದರೆ ಊರಿನವರಿಗೆ ಸಿಟ್ಟು ಬರುತ್ತದೆ. ಈ ಕಾವಲಿನ ಒಳಗಿರುವುದು ಸುರಕ್ಷತೆಗಿಂತ ಹೆಚ್ಚಾಗಿ ಮರ್ಯಾದೆ. ತಂಗಿಯ ಫೋನನ್ನು ಅಣ್ಣ ನೋಡುತ್ತಾನೆ, ಅಣ್ಣನ ಫೋನನ್ನು ನೋಡುವವರು ಯಾರು? ಸಾಲದ ಆ್ಯಪು, ಐಪಿಎಲ್ ಬೆಟ್ಟಿಂಗು, ದುಡ್ಡು ಕಟ್ಟಿ ಆಡುವ ರಮ್ಮಿ ಇವೆಲ್ಲ ಮನೆ ಹೊಕ್ಕಿರುವುದು ಹೆಚ್ಚಾಗಿ ಗಂಡುಮಕ್ಕಳ ಫೋನಿನಿಂದ. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು 2025ರ ಆಗಸ್ಟಿನಲ್ಲಿ ಸಂಸತ್ತೇ ಕಾಯ್ದೆ ತರಬೇಕಾಯಿತು. ಅಪಾಯ ಹುಡುಕುವುದೇ ಗುರಿಯಾಗಿದ್ದರೆ ಮೊದಲು ತೆರೆಯಬೇಕಾದದ್ದು ಮಗನ ಫೋನು. ಮಗಳ ಫೋನಿನಲ್ಲಿ ಹುಡುಕುವುದು ಒಂದು ಹೆಸರನ್ನು. ಸಿಕ್ಕಿತೋ, ಮುಂದಿನ ಪ್ರಶ್ನೆ ಹುಡುಗ ಯಾವ ಜನ ಎಂಬುದು. ಆಮೇಲೆ ಕಾಲೇಜು ನಿಲ್ಲುತ್ತದೆ, ಗಂಡು ಹುಡುಕುವುದು ಶುರುವಾಗುತ್ತದೆ. ಮಗಳಿಗೆ ಬಂದ ಕಾಗದವನ್ನು ಒಡೆದು ಓದುತ್ತಿದ್ದ ಕಾಲದಲ್ಲೂ ಹೀಗೇ ಇತ್ತು, ಆಗ ಆ್ಯಪ್ ಇರಲಿಲ್ಲ ಅಷ್ಟೇ.

ಕಾನೂನು ಇಲ್ಲಿ ಅರ್ಧ ದಾರಿಯಲ್ಲಿ ನಿಂತಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ತೀರ್ಪು ಕೊಟ್ಟ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ ಆ ಜಗಳ ಸರ್ಕಾರದ ಜೊತೆಗಿನದು, ಅಪ್ಪನ ಜೊತೆಗಿನದಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಕ್ಕಳ ಜಾಡು ಹಿಡಿಯಬಾರದೆಂದು ಹೇಳುವುದು ಕಂಪನಿಗಳಿಗೆ. ಮನೆಯೊಳಗಿನ ವ್ಯವಹಾರ ಅದರ ವ್ಯಾಪ್ತಿಯಿಂದ ಹೊರಗೆ. ಆದರೆ ಹದಿನೆಂಟು ತುಂಬಿದ ಮೇಲೆ ಮಾತು ಬೇರೆ. ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕವಾಗಿಯೋ ಮೋಸದಿಂದಲೋ ಇನ್ನೊಬ್ಬರ ಫೋನಿನೊಳಗೆ ಹೊಕ್ಕರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲಿದೆ. ಡಿಗ್ರಿ ಓದುವವಳು, ದೇವನಹಳ್ಳಿ ಕಡೆಯ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಲೋಕಕ್ಕೆಲ್ಲ ಐಫೋನ್ ಜೋಡಿಸಿಕೊಡುವವಳು, ವೋಟು ಹಾಕುವ ಪ್ರಜೆ. “ಫೋನು ಕೊಡ್ಸಿದ್ದು ನಾನು” ಎಂಬ ವಾದ ಅಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಕೈಕಟ್ಟಿ ಕೂರಬೇಕೇ? ಬೇಡ. ಹತ್ತು ವರ್ಷದ ಮಗುವಿಗೆ ಪೂರ್ತಿ ಸ್ವಾತಂತ್ರ್ಯ ಕೊಡಿ ಎನ್ನುವಷ್ಟು ಭೋಳೆತನ ನನಗಿಲ್ಲ. ಗೂಗಲ್ಲಿನ ‘ಫ್ಯಾಮಿಲಿ ಲಿಂಕ್’ ಇದೆ. ಮಗು ಎಲ್ಲಿದೆ, ಯಾವ ಆ್ಯಪಿಗೆ ಎಷ್ಟು ಹೊತ್ತು ಕೊಟ್ಟಿದೆ ಎಂದು ತೋರಿಸುತ್ತದೆ, ಮೆಸೇಜು ಓದಿಸುವುದಿಲ್ಲ, ನಿಗಾ ಇದೆಯೆಂಬುದನ್ನು ಮಗುವಿಗೂ ತಿಳಿಸುತ್ತದೆ. ನನ್ನ ಒಪ್ಪಿಗೆ ಇಂಥದ್ದಕ್ಕೆ. ನಿಜವಾದ ಅನುಮಾನವಿದ್ದರೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಫೋನು ತೆರೆಯಿರಿ. ಯಾರೋ ಬೆದರಿಸುತ್ತಿದ್ದರೆ ಮೆಸೇಜು ಅಳಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಂಡು 1098ಕ್ಕೆ ಕರೆಮಾಡಿ, ಇಲ್ಲವೇ ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಹಣ ಹೋಗಿದ್ದರೆ 1930. ಬೈಗುಳವನ್ನು ಆ ದಿನದ ಮಟ್ಟಿಗಾದರೂ ಬದಿಗಿಡಿ.

ಈಗಾಗಲೇ ಮಗಳ ವಾಟ್ಸಾಪನ್ನು ಲಿಂಕ್ ಮಾಡಿಟ್ಟುಕೊಂಡಿರುವ ಅಪ್ಪಂದಿರೇ, ಇವತ್ತೇ ಲಾಗ್‌ಔಟ್ ಮಾಡಿ. ಮಾಡಿದ್ದೆ ಎಂದು ಅವಳಿಗೆ ನೀವೇ ಹೇಳಿ, ಅವಳಾಗಿ ಪಟ್ಟಿ ತೆರೆದು ನೋಡುವ ಮೊದಲು.