ವಂಶಾವಳಿಗಳ ಪ್ರಾಮಾಣ್ಯ: ಬೀದರ ಪ್ರಾಂತದ ಮನೆತನಗಳನ್ನು ಕುರಿತು

ಬೀದರ ನಗರದಲ್ಲಿಯೂ ಭಾಲ್ಕಿ, ಔರಾದ ತಾಲ್ಲೂಕುಗಳ ದೊಡ್ಡ ಗ್ರಾಮಗಳಲ್ಲಿಯೂ ದೇಶಮುಖ, ದೇಶಪಾಂಡೆ, ಪಾಟೀಲ, ಕುಲಕರ್ಣಿ ಮನೆತನಗಳ ಹಳೆಯ ವಾಡೆಗಳನ್ನು ನೋಡಹೋದವರಿಗೆ ಪಡಸಾಲೆಯ ಗೋಡೆಯ ಮೇಲೆ ಕಟ್ಟು ಹಾಕಿಸಿದ ವಂಶವೃಕ್ಷವೊಂದು ಹಲವೆಡೆ ಕಾಣಸಿಗುತ್ತದೆ. ವೃಕ್ಷದ ಬುಡದಲ್ಲಿ ದೇವಗಿರಿಯ ಯಾದವರ ಅಥವಾ ಬಹಮನಿ ಸುಲ್ತಾನರ ಕಾಲದ ವೀರಪುರುಷನೊಬ್ಬನು ನಿಂತಿರುತ್ತಾನೆ. ಅವನ ಮೇಲೆ ನಾಲ್ಕಾರು ಹೆಸರುಗಳು. ಆಮೇಲೆ ಒಂದೇ ಒಂದು ಗೆರೆ. ಗೆರೆಯ ತುದಿಯಲ್ಲಿ ಈಗಿನ ಯಜಮಾನರ ಮುತ್ತಜ್ಜ. ನಮ್ಮ ವಿಭಾಗದ ವಿದ್ಯಾರ್ಥಿಗಳು ತಮ್ಮ ಊರಿನ ಇತಿಹಾಸವನ್ನು ಬರೆಯುವಾಗ ಇಂಥ ವೃಕ್ಷಗಳನ್ನು ಪ್ರತಿಮಾಡಿಕೊಂಡು ಬಂದು ಪ್ರಮಾಣವೆಂದು ನಮ್ಮ ಮುಂದಿಡುವುದುಂಟು. ಎರಡು ವರ್ಷಗಳ ಹಿಂದೆ ಔರಾದ ತಾಲ್ಲೂಕಿನ ಒಂದು ಮನೆತನದ ಹಿರಿಯರು ತಮ್ಮ ವಂಶವೃಕ್ಷವನ್ನು ಮುದ್ರಿಸುವ ಮುನ್ನ ಅದರ ಕೆಳಗೆ ಇತಿಹಾಸದ ಅಧ್ಯಾಪಕರೆಂದು ನಾವು ಸಹಿ ಹಾಕಬೇಕೆಂದು ಕೇಳಿದರು. ನಾವು ಹಾಕಲಿಲ್ಲ. ಏಕೆ ಹಾಕಲಿಲ್ಲವೆಂಬುದನ್ನು ವಿವರಿಸುವುದಕ್ಕಾಗಿಯೇ ಈ ಲೇಖನವನ್ನು ಬರೆಯಬೇಕಾಯಿತು.

ವಂಶಾವಳಿಯನ್ನು ಸಂದೇಹಿಸುವುದೆಂದರೆ ಆ ಮನೆತನದ ಗೌರವವನ್ನು ಸಂದೇಹಿಸಿದಂತೆ ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಇದು ನಮ್ಮಲ್ಲಿ ಮಾತ್ರ ಇರುವುದೆಂದು ತಿಳಿಯಬಾರದು. ಇಂಗ್ಲೆಂಡಿನಲ್ಲಿ 1530ರಿಂದ 1688ರ ವರೆಗೆ ರಾಜಲಾಂಛನಾಧಿಕಾರಿಗಳು ಪ್ರಾಂತ ಪ್ರಾಂತಕ್ಕೂ ಹೋಗಿ ಭೂಮಾಲಿಕ ಕುಲೀನರ ವಂಶಾವಳಿಗಳನ್ನು ಬರೆದುಕೊಂಡರು. ಅವರು ಬರೆದುಕೊಂಡುದರಲ್ಲಿ ಬಹುಭಾಗ ಮನೆಯವರು ಹೇಳಿದುದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಬರ್ಕ್ ಎಂಬವರು ಅಂಥ ವೃತ್ತಾಂತಗಳನ್ನು ದೊಡ್ಡ ಸಂಪುಟಗಳಾಗಿ ಅಚ್ಚುಹಾಕಿಸಿದ ಮೇಲೆ ವಿಜೇತ ವಿಲಿಯಮನೊಡನೆ ಬಂದವರ ಸಂತಾನವೆಂದು ಹೇಳಿಕೊಳ್ಳುವ ಮನೆತನಗಳಿಗೆ ಮಿತಿಯಿಲ್ಲದಾಯಿತು. ಇತಿಹಾಸಕಾರ ಫ್ರೀಮನ್ನರು 1877ರಲ್ಲಿ ಇದನ್ನು ಕಟುವಾಗಿ ಟೀಕಿಸಿದರು. ಅವರ ತರುವಾಯ ಹೊರೇಸ್ ರೌಂಡ್ ಎಂಬ ವಿದ್ವಾಂಸರು ದಾನಪತ್ರಗಳನ್ನೂ ಕಂದಾಯದ ಸುರುಳಿಗಳನ್ನೂ ಎದುರಿಗಿಟ್ಟುಕೊಂಡು ಒಂದೊಂದು ಕೊಂಡಿಯನ್ನೂ ಪರೀಕ್ಷಿಸಿ, ಹೆಸರುವಾಸಿಯಾದ ಎಷ್ಟೋ ವಂಶವೃಕ್ಷಗಳ ಬುಡವನ್ನು ಕಡಿದುಹಾಕಿದರು. ಆದರೆ ಆ ದೇಶದ ಸಂಶೋಧಕರಿಗೆ ಒಂದು ಅನುಕೂಲವಿತ್ತು. 1538ರ ಆಜ್ಞೆಯಂತೆ ಪ್ರತಿಯೊಂದು ಪ್ಯಾರಿಷ್ ಚರ್ಚಿನಲ್ಲಿಯೂ ನಾಮಕರಣ, ವಿವಾಹ, ಸಮಾಧಿಗಳನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ನಮ್ಮ ಪ್ರಾಂತದಲ್ಲಿ ಅಂಥ ಪುಸ್ತಕವಿಲ್ಲ. ಆದುದರಿಂದ ನಮಗೆ ಪರೀಕ್ಷೆಯ ಅಗತ್ಯ ಇನ್ನೂ ಹೆಚ್ಚು.

ಈ ಪರೀಕ್ಷೆಗೆ ದೃಷ್ಟಾಂತವನ್ನು ದೂರ ಹುಡುಕಬೇಕಾಗಿಲ್ಲ. ಬೀದರದಲ್ಲಿ ಆಳಿದ ಬಹಮನಿ ವಂಶವೇ ಇದೆ. 1347ರ ಆಗಸ್ಟ್ 3ರಂದು ದೌಲತಾಬಾದಿನಲ್ಲಿ ಪಟ್ಟವೇರಿದ ಹಸನನ ಪೂರ್ವಜರು ಯಾರು? ಹದಿನಾರನೆಯ ಶತಮಾನದ ಕೊನೆಯಲ್ಲಿ ಅಹ್ಮದನಗರದ ಆಸ್ಥಾನದಲ್ಲಿದ್ದ ತಬಾತಬಾ ತನ್ನ ಬುರ್ಹಾನ್-ಇ-ಮಾಸಿರ್ ಗ್ರಂಥದಲ್ಲಿ ಹಸನನ ತಂದೆ ಕೈಕಾಊಸ್ ಎಂದು ಆರಂಭಿಸಿ, ಸಾಸಾನೀ ದೊರೆ ಬಹ್ರಾಮ್ ಗೋರನ ಮೂಲಕ ಇರಾನಿನ ಪುರಾಣಪುರುಷರಾದ ಬಹಮನ, ಇಸ್ಫಂದಿಯಾರರ ವರೆಗೆ ಹೆಸರುಗಳನ್ನು ಜೋಡಿಸುತ್ತಾನೆ. ಅವನ ಸಮಕಾಲೀನನಾದ ಫಿರಿಶ್ತಾ ಇಂಥದೊಂದು ವಂಶಾವಳಿಯನ್ನು ಅಹ್ಮದನಗರದ ಅರಮನೆಯ ಗ್ರಂಥಭಂಡಾರದಲ್ಲಿ ತಾನೂ ಕಂಡಿರುವೆನೆಂದು ಹೇಳಿ, ಅದು ಸ್ತುತಿಪಾಠಕರ ಸೃಷ್ಟಿಯೆಂದು ತಳ್ಳಿಹಾಕುತ್ತಾನೆ. ಅದರ ಬದಲು ದಿಲ್ಲಿಯ ಗಂಗೂ ಎಂಬ ಬ್ರಾಹ್ಮಣನಲ್ಲಿ ಹಸನನು ಸೇವಕನಾಗಿದ್ದನೆಂದೂ ಒಡೆಯನ ಮೇಲಣ ಕೃತಜ್ಞತೆಯಿಂದ ‘ಬಹಮನಿ’ ಎಂಬ ಹೆಸರನ್ನಿಟ್ಟುಕೊಂಡನೆಂದೂ ಕತೆ ಹೇಳುತ್ತಾನೆ. ನಮ್ಮ ಶಾಲಾಪಾಠಗಳಲ್ಲಿ ಬಹುಕಾಲ ಉಳಿದುಬಂದುದು ಈ ಎರಡನೆಯ ಕತೆಯೇ.

ಇಲ್ಲಿ ವಿದ್ಯಾರ್ಥಿಗಳು ಮೊದಲು ಗಮನಿಸಬೇಕಾದುದು ಕಾಲವನ್ನು. ಇಬ್ಬರೂ ಬರೆದುದು ಹಸನನು ಪಟ್ಟವೇರಿದ ಸುಮಾರು ಇನ್ನೂರೈವತ್ತು ವರ್ಷಗಳ ಮೇಲೆ. ಅಷ್ಟು ಹೊತ್ತಿಗೆ ಬಹಮನಿ ರಾಜ್ಯವೇ ಒಡೆದುಹೋಗಿತ್ತು. ಹಸನನ ಕಾಲದ್ದೇ ಆದ ಸಾಕ್ಷ್ಯಗಳು ಬೇರೆ ಇವೆ. ಅವನ ನಾಣ್ಯಗಳಲ್ಲಿ ‘ಬಹಮನ್ ಶಾಹ’ ಎಂಬ ಹೆಸರು ಸ್ಪಷ್ಟವಾಗಿದೆ. ಅಂದರೆ ಆ ಹೆಸರು ನಂತರದವರ ಕಲ್ಪನೆಯಲ್ಲ, ಅರಸನೇ ಧರಿಸಿದ್ದು. ಅವನ ಆಶ್ರಯದಲ್ಲಿದ್ದು 1350ರಲ್ಲಿ ಫುತೂಹ್-ಉಸ್-ಸಲಾತೀನ್ ಕಾವ್ಯವನ್ನು ಮುಗಿಸಿದ ಇಸಾಮಿಯಲ್ಲಿ ಬ್ರಾಹ್ಮಣನ ಕತೆ ಇಲ್ಲ. ಆಶ್ರಿತಕವಿಯ ಮೌನವನ್ನು ಪ್ರಮಾಣವೆಂದು ಎಣಿಸಬಹುದೇ ಎಂದು ಕೇಳುವುದು ನ್ಯಾಯವೇ. ಒಡೆಯನು ಸೇವಕನಾಗಿದ್ದುದನ್ನು ಅವನು ಮರೆಮಾಚಿರಲೂಬಹುದು. ಆದರೆ ದಿಲ್ಲಿಯಲ್ಲಿ ಕುಳಿತು ಬರೆದ, ಈ ಅರಸನ ಹಂಗಿಲ್ಲದ ಬರನಿಯೂ ಅವನನ್ನು ‘ಹಸನ್ ಕಂಗೂ’ ಎಂದು ಕರೆಯುತ್ತಾನೆಯೇ ಹೊರತು ಬ್ರಾಹ್ಮಣನ ಮಾತೆತ್ತುವುದಿಲ್ಲ. ‘ಕಂಗೂ’ ಎಂಬುದು ಕೈಕಾಊಸ್ ಎಂಬ ಹೆಸರು ಲಿಪಿಕಾರರ ಕೈಯಲ್ಲಿ ಕೆಟ್ಟು ಆದ ರೂಪವಿರಬೇಕೆಂದು ಊಹಿಸಿದ ವಿದ್ವಾಂಸರಿದ್ದಾರೆ. ಊಹೆ ಚೆನ್ನಾಗಿದೆ, ಆದರೆ ಊಹೆಯೇ. ಹಸನನ ತಂದೆಯ ಹೆಸರಿನಲ್ಲಿಯೇ ಇಷ್ಟು ತೊಡಕಿರುವಾಗ ಬಹ್ರಾಮ್ ಗೋರನಿಂದ ಅವನ ವರೆಗಿನ ಒಂಬತ್ತು ಶತಮಾನಗಳ ಹೆಸರುಗಳನ್ನು ಯಾವ ಧೈರ್ಯದಿಂದ ನಂಬುವುದು?

ಹಾಗೆಂದು ತಬಾತಬಾನ ಪಟ್ಟಿ ನಿಷ್ಪ್ರಯೋಜಕವಲ್ಲ. ಅದು ಐದನೆಯ ಶತಮಾನದ ಇರಾನಿನ ವಿಷಯದಲ್ಲಿ ಏನನ್ನೂ ಸಾಧಿಸುವುದಿಲ್ಲ, ನಿಜ. ದಖ್ಖನಿನಲ್ಲಿ ನೆಲೆನಿಂತ ಅರಸರಿಗೆ ಇರಾನಿನ ರಾಜಕುಲದ ನಂಟು ಎಷ್ಟು ಬೇಕಾಗಿತ್ತೆಂಬುದನ್ನು ಮಾತ್ರ ಅದು ಚೆನ್ನಾಗಿ ತಿಳಿಸುತ್ತದೆ. ವಂಶಾವಳಿಯ ಮೇಲ್ತುದಿ ತನ್ನನ್ನು ಬರೆದ ಕಾಲಕ್ಕೆ ಸಾಕ್ಷಿ. ಬಸವಕಲ್ಯಾಣದಿಂದ ಆಳಿದ ಚಾಲುಕ್ಯರ ವಿಷಯದಲ್ಲಿಯೂ ಇದನ್ನೇ ಕಾಣುತ್ತೇವೆ. ಐದನೆಯ ವಿಕ್ರಮಾದಿತ್ಯನ ಕೌಠೇಂ ತಾಮ್ರಶಾಸನವು ಈ ವಂಶದ ಐವತ್ತೊಂಬತ್ತು ಅರಸರು ಅಯೋಧ್ಯೆಯಲ್ಲಿ ಆಳಿದರೆಂದು ಹೇಳುತ್ತದೆ. ಅಯೋಧ್ಯೆಯ ಮಾತಂತಿರಲಿ, ಬಾದಾಮಿಯ ಚಾಲುಕ್ಯರಿಗೂ ಇವರಿಗೂ ಇದ್ದ ಸಂಬಂಧವನ್ನೇ ಭಾಂಡಾರಕರರು 1884ರಷ್ಟು ಹಿಂದೆಯೇ ಶಂಕಿಸಿದ್ದರು. ಅರಸರೇ ಹೀಗೆ ಮಾಡಿರುವಾಗ ಅವರ ವತನದಾರರನ್ನು ದೂರುವುದು ನ್ಯಾಯವಲ್ಲ.

ಬೀದರದ ಸನಿಹದ ಅಷ್ಟೂರಿನಲ್ಲಿ ಇನ್ನೊಂದು ಬಗೆಯ ವಂಶಾವಳಿಯಿದೆ. 1436ರಲ್ಲಿ ತೀರಿಕೊಂಡ ಅಹ್ಮದ ಶಾಹ ವಲಿಯ ಗೋರಿಯ ಒಳಗೋಡೆಗಳ ವರ್ಣಲೇಖನದಲ್ಲಿ ಕಿರ್ಮಾನದ ಷಾ ನಿಮತುಲ್ಲಾ ಅವರ ಗುರುಪರಂಪರೆಯ ಪಟ್ಟಿಯಿರುವುದನ್ನು ಯಜ್ದಾನಿಯವರು 1947ರ ತಮ್ಮ ಗ್ರಂಥದಲ್ಲಿ ತೋರಿಸಿದ್ದಾರೆ. ಅದು ಗುರುಶಿಷ್ಯರ ಸರಪಳಿ, ತಂದೆಮಕ್ಕಳದಲ್ಲ. ಆದರೆ ಸುಲ್ತಾನನ ಆಹ್ವಾನದ ಮೇಲೆ ನಿಮತುಲ್ಲಾ ಅವರ ಮೊಮ್ಮಗನು ಬೀದರಕ್ಕೆ ಬಂದು ರಾಜಪುತ್ರಿಯನ್ನು ವರಿಸಿದನು. 1431ರಲ್ಲಿ ತಂದೆ ತೀರಿಕೊಂಡ ಮೇಲೆ ಮಗ ಖಲೀಲುಲ್ಲಾ ಅವರೂ ಬಂದು ನೆಲಸಿದರು. ಅವರ ಚೌಖಂಡಿ ಈಗಲೂ ಅಷ್ಟೂರಿನ ದಾರಿಯಲ್ಲಿದೆ. ಹೀಗೆ ಒಂದೇ ಊರಿನಲ್ಲಿ ಗುರುಪರಂಪರೆ, ರಕ್ತಪರಂಪರೆ, ರಾಜಪರಂಪರೆ ಮೂರೂ ಹೆಣೆದುಕೊಂಡವು. ‘ಅವರ ವಂಶದವರು’ ಎಂಬ ಮಾತನ್ನು ಪಾರಸೀ ಕಾಗದಗಳಲ್ಲಿ ಓದುವಾಗ ಇವುಗಳಲ್ಲಿ ಯಾವುದೆಂದು ಕೇಳಿಕೊಳ್ಳದಿದ್ದರೆ ಪ್ರಮಾದ ತಪ್ಪಿದ್ದಲ್ಲ. ಅಹ್ಮದ ಶಾಹನನ್ನು ಅಲ್ಲಮಪ್ರಭುವೆಂದೇ ಭಾವಿಸಿ ಲಿಂಗಾಯತ ಭಕ್ತರು ಉರುಸಿಗೆ ಬರುವುದೂ ಜಂಗಮರು ಅದರಲ್ಲಿ ಮುಂದಾಗಿ ನಿಲ್ಲುವುದೂ ಎಲ್ಲರೂ ಬಲ್ಲ ಸಂಗತಿ. ಭಕ್ತಿಯು ಕಟ್ಟಿಕೊಳ್ಳುವ ಇಂಥ ಸಂಬಂಧವನ್ನು ಇತಿಹಾಸಕಾರನು ಅಲ್ಲಗಳೆಯಬೇಕಾದ ಕಾರಣವಿಲ್ಲ. ಅದನ್ನು ವಂಶವೃಕ್ಷದ ಕೊಂಡಿಯೆಂದು ಬರೆಯದಿದ್ದರೆ ಸಾಕು.

ಇನ್ನು ದೇಶಮುಖ, ದೇಶಪಾಂಡೆಯರ ಕಡೆಗೆ ಬರೋಣ. ಇವರ ವಂಶಾವಳಿಗಳು ಹುಟ್ಟಿದುದು ಅಭಿಮಾನದಿಂದ ಮಾತ್ರವಲ್ಲ, ವ್ಯವಹಾರದಿಂದ. ವತನವು ವಂಶಪಾರಂಪರ್ಯವಾದುದರಿಂದ ಯಾರು ಹಿರಿಯ ಶಾಖೆ, ಯಾರು ಕಿರಿಯ ಶಾಖೆ ಎಂಬುದರ ಮೇಲೆ ಹಕ್ಕು ನಿಲ್ಲುತ್ತಿತ್ತು. ಸಾಲಾರಜಂಗರ ಸುಧಾರಣೆಗಳಿಂದ ಕಂದಾಯವಸೂಲಿಯ ಅಧಿಕಾರ ಇವರ ಕೈತಪ್ಪಿ, ಅದರ ಬದಲಿಗೆ ರುಸುಮು ಗೊತ್ತಾದ ಮೇಲೆ ಆ ರುಸುಮಿನ ಪಾಲಿಗಾಗಿ ವಂಶವೃಕ್ಷ ಕಚೇರಿಯ ಕಾಗದವಾಯಿತು. ಕಚೇರಿಗಾಗಿ ಬರೆದ ವೃಕ್ಷದಲ್ಲಿ ಪಾಲಿಗೆ ಬರುವವರು ಇರುತ್ತಾರೆ, ಪಾಲಿಲ್ಲದವರು ಇರುವುದಿಲ್ಲ. ಹೆಣ್ಣುಮಕ್ಕಳು ಅದರಲ್ಲಿ ಸೇರುವುದೇ ಇಲ್ಲ. ನಿಸ್ಸಂತಾನರಾದ ಶಾಖೆಗಳು ಮಾಯವಾಗುತ್ತವೆ. ದತ್ತಕಪುತ್ರನು ಔರಸನಾಗುತ್ತಾನೆ. ಇದರೊಡನೆ ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ಪದ್ಧತಿಯೂ ಸೇರಿ, ಎರಡು ಹೆಸರುಗಳೇ ಐದಾರು ತಲೆಮಾರು ಹಿಂದುಮುಂದಾಗಿ ಬರುವುದರಿಂದ ಇಬ್ಬರು ಒಬ್ಬರಾಗುವುದೂ ಒಬ್ಬನು ಇಬ್ಬರಾಗುವುದೂ ಸುಲಭ. 1347ರಿಂದ ಈವರೆಗೆ ತಲೆಮಾರಿಗೆ ಇಪ್ಪತ್ತೈದು ಮೂವತ್ತು ವರ್ಷಗಳಂತೆ ಲೆಕ್ಕ ಹಾಕಿದರೆ ಇಪ್ಪತ್ತೆರಡಕ್ಕೆ ಕಡಿಮೆಯಿಲ್ಲದಷ್ಟು ಹೆಸರುಗಳು ಬೇಕು. ನಮಗೆ ತೋರಿಸಿದ ವೃಕ್ಷದಲ್ಲಿ ಹನ್ನೊಂದು ಇದ್ದವು.

ಆದುದರಿಂದ ವೃಕ್ಷವನ್ನು ಬುಡದಿಂದ ಓದದೆ ತುದಿಯಿಂದ, ಅಂದರೆ ಬದುಕಿರುವವರಿಂದ ಹಿಂದಕ್ಕೆ ಓದಬೇಕು. ಕೊಂಡಿಯೊಂದಕ್ಕೆ ಕಾಗದವೊಂದನ್ನು ಕೇಳಬೇಕು. ಉತ್ತರ ಕರ್ನಾಟಕದ ಹೆಳವರು ಎತ್ತಿನೊಡನೆ ಮನೆಮನೆಗೆ ಬಂದು ಹಾಡಿಹೇಳುವ ಪೀಳಿಗೆಯ ವಿವರ, ನಾಸಿಕ, ಕಾಶಿಗಳ ತೀರ್ಥಪುರೋಹಿತರ ವಹಿಗಳು ಇಲ್ಲಿ ಬಹಳ ಸಹಾಯಕ. ವತನದ ಪಾಲನ್ನು ಸಮರ್ಥಿಸುವ ಉದ್ದೇಶ ಅವರಿಗಿಲ್ಲವೆಂಬುದೇ ಅವರ ದೊಡ್ಡ ಗುಣ. ಆದರೆ ನಮ್ಮ ಅನುಭವದಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳವು ಜಗಳದ ಕಾಗದಗಳು: ಮಹಜರು, ತಕರಾರು ಅರ್ಜಿ, ಪ್ರತಿವಾದಿಯ ಹೇಳಿಕೆ. ತನ್ನ ಮನೆಯವರು ಮರೆತುದನ್ನು ದಾಯಾದಿ ಮರೆಯುವುದಿಲ್ಲ.

ಮೇಲೆ ಹೇಳಿದ ಔರಾದದ ಮನೆತನದಲ್ಲಿಯೇ ಇದಕ್ಕೆ ನಿದರ್ಶನ ದೊರೆಯಿತು. ನಾವು ಸಹಿ ಹಾಕಲೊಲ್ಲೆವೆಂದಾಗ ಹಿರಿಯರು ಸ್ವಲ್ಪ ನೊಂದುಕೊಂಡರಾದರೂ ಅಟ್ಟದ ಮೇಲಿದ್ದ ಬಟ್ಟೆಯ ಗಂಟೊಂದನ್ನು ತರಿಸಿದರು. ಅದರಲ್ಲಿ ಮೋಡಿ ಲಿಪಿಯ ಒಂದು ದತ್ತಕಪತ್ರವಿತ್ತು. ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಕಿರಿಯ ಶಾಖೆಯ ಹುಡುಗನನ್ನು ದತ್ತು ತೆಗೆದುಕೊಂಡುದು ಅದರ ವಿಷಯ. ಮೇಲೆ ‘ಸನ 1250’ ಎಂದಿದೆ. ಮನೆಯವರು ಅದನ್ನು ಹಿಜರಿಯೆಂದು ಹಿಡಿದು 1834 ಎಂದು ಎಣಿಸಿದ್ದರು. ಆದರೆ ಆಕೆಯ ಗಂಡನು ಶಕೆ 1760ರಲ್ಲಿ, ಎಂದರೆ 1838-39ರಲ್ಲಿ, ತೀರಿಕೊಂಡನೆಂದು ಬೇರೊಂದು ಕಾಗದದಿಂದ ಅವರಿಗೆ ಗೊತ್ತಿತ್ತು. ಗಂಡನು ಬದುಕಿರುವಾಗಲೇ ವಿಧವೆಯ ದತ್ತಕವೆಲ್ಲಿಯದು? ಹೀಗೆ ತರ್ಕಿಸಿ, ಕಾಗದವೇ ಸುಳ್ಳೆಂದು ಬದಿಗಿಟ್ಟು, ಹುಡುಗನನ್ನು ಔರಸನೆಂದು ವೃಕ್ಷದಲ್ಲಿ ಸೇರಿಸಿದ್ದರು. ನಾವು ಕಾಗದವನ್ನು ಮಗುಚಿ ನೋಡಿದೆವು. ಹಿಂಬದಿಯಲ್ಲಿ ಮಾಸಿದ ಅಕ್ಷರಗಳಲ್ಲಿ ಶಕೆ 1762, ಶಾರ್ವರಿ ಸಂವತ್ಸರ ಎಂದಿತ್ತು. ಸನವು ಫಸಲಿಯದು, 1250ಕ್ಕೆ 590ನ್ನು ಕೂಡಿಸಿದರೆ 1840-41. ಗಂಡನು ಸತ್ತು ಎರಡು ವರ್ಷಗಳಾಗಿತ್ತು. ಕಾಗದದಲ್ಲಿ ದೋಷವಿಲ್ಲ. ಮರಾಠಿ ದಫ್ತರಗಳ ಶುಹೂರ ಸನವೆಂದು ಹಿಡಿದಿದ್ದರೆ ಇದೇ 1250 ಇಸವಿ 1849-50 ಆಗುತ್ತಿತ್ತು.

ಇದರ ಪರಿಣಾಮ ಸಣ್ಣದಲ್ಲ. ಹಿರಿಯ ಶಾಖೆಯ ಗಂಡುಸಂತತಿ ಅಲ್ಲಿಗೆ ನಿಂತಿತು. ಈಗಿನ ಮನೆಯವರೆಲ್ಲ ಜನ್ಮದಿಂದ ಕಿರಿಯ ಶಾಖೆಯವರು. ಹಿರಿಯರು ಇದನ್ನು ಕೇಳಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಆ ಹೆಂಗಸಿನ ಹೆಸರೇನೆಂದು ಕೇಳಿದರು.

1949ರಲ್ಲಿ ಹೈದರಾಬಾದಿನ ಜಾಗೀರುಗಳು ರದ್ದಾಗಿ, 1952ರಲ್ಲಿ ನಗದು ರುಸುಮುಗಳೂ 1963ರಲ್ಲಿ ಗ್ರಾಮವತನಗಳೂ ಹೋದ ಮೇಲೆ ಇಂಥ ಗಂಟುಗಳಿಗೆ ವ್ಯವಹಾರದ ಬೆಲೆ ಉಳಿದಿಲ್ಲ. 1956ರಲ್ಲಿ ಹಳೆಯ ಬೀದರ ಜಿಲ್ಲೆಯೇ ಮೂರಾಗಿ, ಉದಗೀರ, ನಿಲಂಗಾ, ಅಹ್ಮದಪುರಗಳು ಮುಂಬಯಿ ರಾಜ್ಯಕ್ಕೂ ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೂ ಸೇರಿದವು. ಭಾಲ್ಕಿಯ ಒಂದು ಮನೆತನದ ಶಾಖೆಗಳು ಈಗ ಮೂರು ರಾಜ್ಯಗಳಲ್ಲಿರಬಹುದು. ಮೇಲಣ ಕಚೇರಿಯ ಕಾಗದಗಳಿಗಾಗಿ ಹೈದರಾಬಾದಿನ ಪತ್ರಾಗಾರಕ್ಕೇ ಹೋಗಬೇಕು. ಮೋಡಿಯನ್ನೂ ಪಾರಸಿಯನ್ನೂ ಓದಬಲ್ಲವರು ಜಿಲ್ಲೆಯಲ್ಲಿ ವಿರಳರು. ಗಂಟುಗಳು ಗೆದ್ದಲಿನ ಪಾಲಾದರೆ ಉಳಿಯುವುದು ಗೋಡೆಯ ಮೇಲಿನ ಮುದ್ರಿತ ವೃಕ್ಷವೊಂದೇ. ವಿದ್ಯಾರ್ಥಿಗಳು ವಾಡೆಗಳಿಗೆ ಹೋದಾಗ ಮೊದಲು ಅಟ್ಟದ ಮೇಲೇನಿದೆಯೆಂದು ವಿಚಾರಿಸಿ, ಕಾಗದಗಳ ಎರಡೂ ಬದಿಯ ಛಾಯಾಚಿತ್ರ ತೆಗೆದುಕೊಳ್ಳಬೇಕೆಂದು ನಮ್ಮ ಕೋರಿಕೆ.

ಆ ದತ್ತಕಪತ್ರದ ಛಾಯಾಪ್ರತಿಯನ್ನು ಮನೆಯವರ ಒಪ್ಪಿಗೆಯಿಂದ ವಿಭಾಗದಲ್ಲಿ ಇರಿಸಿದ್ದೇವೆ. ದತ್ತು ತೆಗೆದುಕೊಂಡವಳ ಹೆಸರು ಎರಡನೆಯ ಸಾಲಿನಲ್ಲಿದೆ. ಕೊನೆಯ ‘ಬಾಯಿ’ ಎಂಬುದು ಸ್ಪಷ್ಟ. ಅದರ ಹಿಂದಿನ ಮೂರು ಅಕ್ಷರಗಳು ಮಡಿಕೆಯಲ್ಲಿ ಸವೆದಿವೆ. ಮೋಡಿ ಬಲ್ಲ ವಾಚಕರು ಬಂದು ನೋಡಿದರೆ ಉಪಕಾರವಾಗುವುದು.