ಉಳಿಯುವವರು, ಹೊರಡುವವರು

ಸಖರಾಯಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಆಡಬೇಕೆಂದರೆ ಮೊದಲು ಯಾವ ಪಾತ್ರಕ್ಕೆ ಎಷ್ಟು ಹಣ ಎಂಬುದು ತೀರ್ಮಾನವಾಗಬೇಕು. ದುರ್ಯೋಧನನಾಗುವವನು ಹೆಚ್ಚು ಕೊಡಬೇಕು, ಸಣ್ಣ ಪಾತ್ರದವನು ಕಡಿಮೆ. ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಸೀನರಿ ಬಾಡಿಗೆ, ಸ್ತ್ರೀಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರ ಖರ್ಚು ಎಲ್ಲವೂ ಆ ಹಣದಲ್ಲೇ. ತಿಂಗಳುಗಟ್ಟಲೆ ರಾತ್ರಿ ತಾಲೀಮು, ಆಮೇಲೆ ಒಂದು ರಾತ್ರಿಯ ನಾಟಕ. ಬೆಳಗಾಗುವ ಹೊತ್ತಿಗೆ ಮಂಡಳಿಯೂ ಮುಗಿದಿರುತ್ತದೆ. ಮುಂದಿನ ಸಲ ಬೇರೆ ಹುಡುಗರು, ಬೇರೆ ಮಂಡಳಿ, ಎಲ್ಲ ಮತ್ತೆ ಮೊದಲಿನಿಂದ.

ಈ ಪದ್ಧತಿಯ ಮೇಲೆ ನನಗೆ ಗೌರವವಿದೆ. ಯಾವ ಅನುದಾನಕ್ಕೂ ಕಾಯದೆ ಜನ ತಮ್ಮ ದುಡಿಮೆಯ ಹಣ ಹಾಕಿ ಬಣ್ಣ ಹಚ್ಚಿಕೊಳ್ಳುವುದು ಸಣ್ಣ ಮಾತಲ್ಲ. ಆದರೆ ಕಂದಪದ್ಯದ ರಾಗ ತಿದ್ದುವ ಮೇಷ್ಟ್ರು ಸಿಗುತ್ತಾರೆ, ಮಂಡಳಿ ನಡೆಸುವುದು ಹೇಗೆಂದು ಹೇಳಿಕೊಡುವವರು ಸಿಗುವುದಿಲ್ಲ. ಹೋದ ಸಲದ ತಂಡ ಎಲ್ಲಿ ಸೋತಿತು, ಸಾಲ ಎಲ್ಲಿ ಬೆಳೆಯಿತು ಎಂಬುದು ಈ ಸಲದವರಿಗೆ ಗೊತ್ತಿರುವುದಿಲ್ಲ. ಎಲ್ಲರೂ ಹೊರಟುಹೋಗುವ ಕಡೆ ಕಲಿತದ್ದು ಉಳಿಯಲು ಜಾಗವೇ ಇಲ್ಲ.

ಹಾಗಾದರೆ ಕಲಾಸಂಸ್ಥೆಯೊಂದು ಉಳಿದುಕೊಂಡೇ ಬದಲಾಗುವುದನ್ನು ಕಲಿತ ಕಡೆ ಯಾವುದು? ಉತ್ತರಕ್ಕಾಗಿ ಮೊದಲು ನಾಟಕಕ್ಕೆ ಹೆಸರಾದ ಎರಡು ಹಳ್ಳಿಗಳ ಕಡೆ ನೋಡೋಣ. ನಮ್ಮೂರಿನಿಂದ ಬೀರೂರು ಜಂಕ್ಷನ್ ದೂರವಲ್ಲ. ಅಲ್ಲಿಂದ ಒಂದು ರೈಲು ಹಳಿ ತರೀಕೆರೆ, ಶಿವಮೊಗ್ಗ ದಾಟಿ ಸಾಗರಕ್ಕೆ ಹೋಗುತ್ತದೆ. ಹೆಗ್ಗೋಡು ಆ ದಿಕ್ಕಿಗಿದೆ. ಇನ್ನೊಂದು ಅಜ್ಜಂಪುರದ ಮೇಲೆ ಹೊಸದುರ್ಗ ರೋಡಿನ ಕಡೆಗೆ. ಸಾಣೇಹಳ್ಳಿ ಇರುವುದು ಆ ಹೊಸದುರ್ಗ ತಾಲ್ಲೂಕಿನಲ್ಲಿ.

ಹೆಗ್ಗೋಡಿನ ನೀನಾಸಮ್ ಹುಟ್ಟಿದ್ದು 1949ರಲ್ಲಿ, ಊರಿನವರ ನಾಟಕದ ಸಂಘವಾಗಿ. ಅದೂ ನಮ್ಮ ಮಂಡಳಿಗಳಂತೆಯೇ ಒಂದು ಹಳ್ಳಿಯ ಹವ್ಯಾಸ. ಅದನ್ನು ಕಟ್ಟಿದವರಲ್ಲೊಬ್ಬರಾದ ಕೆ.ವಿ. ಸುಬ್ಬಣ್ಣ ಅದನ್ನು ಅಲ್ಲಿಗೇ ನಿಲ್ಲಗೊಡಲಿಲ್ಲ. 1973ರಲ್ಲಿ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತಿ ನಾಟಕವಾಡುವ ತಂಡ ‘ತಿರುಗಾಟ’ ಬಂದವು. ಇವನ್ನು ಸಾಧನೆಯ ಪಟ್ಟಿಯಾಗಿ ಓದಿ ಮುಗಿಸುವುದು ರೂಢಿ. ನನಗೆ ಮುಖ್ಯವಾಗಿ ಕಾಣುವುದು ಒಂದು ಹೆಜ್ಜೆ ಇನ್ನೊಂದನ್ನು ಎಳೆದುಕೊಂಡು ಬಂದ ರೀತಿ. ಶಿಕ್ಷಣ ಕೇಂದ್ರದಲ್ಲಿ ಕಲಿತ ಹುಡುಗ ಹುಡುಗಿಯರು ಊರಿಗೆ ಮರಳಿ ಮಾಡುವುದೇನು? ವೃತ್ತಿ ಕಂಪನಿಗಳ ಕಾಲ ಬಹುಮಟ್ಟಿಗೆ ಮುಗಿದಿತ್ತು, ಹವ್ಯಾಸಿ ತಂಡ ಸಂಬಳ ಕೊಡಲಾರದು. ತಾನೇ ಮಾಡಿದ ಕೆಲಸದಿಂದ ಎದ್ದ ಈ ಪ್ರಶ್ನೆಗೆ ಸಂಸ್ಥೆ ಕೊಟ್ಟ ಉತ್ತರವೇ ತಿರುಗಾಟ. ಕಲಿತವರಿಗೆ ಸಂಬಳದ ಕೆಲಸ, ಸಣ್ಣ ಊರುಗಳಿಗೆ ಒಳ್ಳೆಯ ನಾಟಕ. ಜೊತೆಗೆ, ಪ್ರದರ್ಶನ ಏರ್ಪಡಿಸಿ ಟಿಕೆಟ್ ಮಾರುವ ಊರಿನ ಮೇಷ್ಟ್ರು, ಅಂಗಡಿಯವರು, ಸಂಘದವರೆಲ್ಲ ತಿಳಿಯದೆಯೇ ಸಂಘಟನೆಯ ಪಾಠ ಕಲಿತರು. ಆಧುನಿಕ ಕನ್ನಡ ರಂಗಭೂಮಿ ಕಂಡುಹಿಡಿದ ಅತ್ಯುತ್ತಮ ಸಾಂಸ್ಥಿಕ ಉಪಾಯ ಇದು ಎಂದು ನಾನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ.

ಅದರ ಮಿತಿಯೂ ಅಲ್ಲೇ ಇದೆ. ತಿರುಗಾಟದ ತಂಡವನ್ನು ಪ್ರತಿವರ್ಷ ಹೊಸದಾಗಿ ಕಟ್ಟುತ್ತಾರೆ. ಹೊಸ ರಕ್ತ ಬರುತ್ತದೆ ನಿಜ, ಆದರೆ ನಟನೊಬ್ಬ ಅಲ್ಲೇ ಮಾಗಿ ಮುದುಕನಾಗುವಂತಿಲ್ಲ. ಇಪ್ಪತ್ತೈದರ ಹುಡುಗನೇ ಮುಖಕ್ಕೆ ಗೆರೆ ಎಳೆದುಕೊಂಡು ಲಿಯರ್ ಆಗಬೇಕಾಗುತ್ತದೆ. ಸಾಣೇಹಳ್ಳಿಯಲ್ಲೂ ಇದೇ ಕಷ್ಟ. ಅಲ್ಲಿನ ಮಠದ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1987ರಲ್ಲಿ ಶಿವಕುಮಾರ ಕಲಾಸಂಘ ಕಟ್ಟಿದರು, 1997ರಲ್ಲಿ ‘ಶಿವಸಂಚಾರ’ ಎಂಬ ಸಂಚಾರಿ ತಂಡ ಹೊರಡಿಸಿದರು, 2008ರಲ್ಲಿ ರಂಗಶಾಲೆ ತೆರೆದರು. ಹೆಗ್ಗೋಡಿನಲ್ಲಿ ಶಾಲೆ ಮೊದಲು, ಸಂಚಾರ ಆಮೇಲೆ. ಇಲ್ಲಿ ಸಂಚಾರವೇ ಶಾಲೆಯನ್ನು ಬೇಡಿತು. ಮಠವೊಂದು ನಾಟಕವನ್ನು ತನ್ನ ಕೆಲಸ ಎಂದುಕೊಂಡದ್ದೇ ದೊಡ್ಡ ಬದಲಾವಣೆ. ಆದರೆ ಇಲ್ಲಿ ಸ್ಥಿರವಾಗಿ ನಿಂತಿರುವವರು ಸ್ವಾಮಿಗಳೊಬ್ಬರೇ. ಅವರ ನಂತರವೂ ಇದೇ ಉತ್ಸಾಹ ಇರಬೇಕಾದರೆ ಅದಕ್ಕೆ ಬೇಕಾದ ಜನ ಈಗಲೇ ತಯಾರಾಗಬೇಕು.

ಮೈಸೂರಿನ ರಂಗಾಯಣದ್ದು ಇದಕ್ಕೆ ತದ್ವಿರುದ್ಧ ಕಥೆ. ಹುಡುಗನಾಗಿದ್ದಾಗ ಗುಬ್ಬಿ ಕಂಪನಿ ಸೇರಿದ್ದ ಬಿ.ವಿ. ಕಾರಂತರು 1989ರಲ್ಲಿ ಸರ್ಕಾರದ ನೆರವಿನಿಂದ ಅದನ್ನು ಕಟ್ಟಿದಾಗ, ನಟರು ಒಂದೇ ಕಡೆ ನೆಲೆನಿಂತು ಬೆಳೆಯಲಿ ಎಂಬ ಆಸೆಯಿತ್ತು. ಆಸೆ ಹುಸಿಯಾಗಲಿಲ್ಲ. 2010ರಲ್ಲಿ ಸಿ. ಬಸವಲಿಂಗಯ್ಯ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಇಡೀ ರಾತ್ರಿಯ ನಾಟಕವಾಗಿಸಿದ್ದು ಇದೇ ರಂಗಾಯಣದ ಅಂಗಳದಲ್ಲಿ. ಆದರೆ ಅದೇ ನಟರು ಒಟ್ಟಿಗೇ ವಯಸ್ಸಾಗಿ ಒಟ್ಟಿಗೇ ನಿವೃತ್ತಿಯ ಅಂಚಿಗೆ ಬಂದರು. ಅವರ ಪಕ್ಕದಲ್ಲಿ ಮುಂದಿನ ತಲೆಮಾರು ಸಾಲಾಗಿ ಬೆಳೆದಿರಲಿಲ್ಲ. ಇತ್ತ ಚುಕ್ಕಾಣಿ ಹಿಡಿದವರು ನಿಲ್ಲಲಿಲ್ಲ. 2019ರಲ್ಲೂ 2023ರಲ್ಲೂ ಸರ್ಕಾರ ಬದಲಾದ ಬೆನ್ನಿಗೇ ನಿರ್ದೇಶಕರೂ ಬದಲಾದರು. ಉಳಿಯಬೇಕಾದವರು ಹೊರಟರು, ಜಾಗ ಬಿಡಬೇಕಾದ ಹೊತ್ತಿಗೆ ಜಾಗ ತುಂಬುವವರು ಇರಲಿಲ್ಲ. ಇದನ್ನು ನಟರ ತಪ್ಪೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ವರ್ಷಕ್ಕೆ ನಾಲ್ಕೈದು ಎಳೆಯರನ್ನು ಹಿರಿಯರ ಜೊತೆ ಬಿಡುವ ಏರ್ಪಾಡು ಮಾಡಬೇಕಾದದ್ದು ಸಂಸ್ಥೆ.

ಹೊಣೆ ದಾಟಿಸುವುದರಲ್ಲಿ ಹೆಗ್ಗೋಡು ಬೇರೆ ದಾರಿ ಹಿಡಿಯಿತು. ಸುಬ್ಬಣ್ಣ 2005ರಲ್ಲಿ ತೀರಿಕೊಂಡರು. ಆ ವರ್ಷವೂ, ಅದರ ಮುಂದಿನ ವರ್ಷಗಳಲ್ಲೂ ತಿರುಗಾಟ ಹೊರಟಿತು. ಅವರು ಬದುಕಿರುವಾಗಲೇ ಮಗ ಕೆ.ವಿ. ಅಕ್ಷರ, ಚಿದಂಬರರಾವ್ ಜಂಬೆಯಂಥವರು ಅಲ್ಲಿ ಹೊಣೆ ಹೊತ್ತು ಪಳಗಿದ್ದರು. ಮಗನೇ ಮುಂದುವರಿಸಿದ ಎಂಬ ಆಕ್ಷೇಪ ಇದೆ; ಅದರಲ್ಲಿ ಹುರುಳಿಲ್ಲವೆನ್ನಲಾರೆ. ಆದರೂ ಹೊಣೆಯನ್ನು ಮೊದಲೇ ಹಂಚಿಟ್ಟ ಕ್ರಮ ಮಾತ್ರ ಯಾವ ಸಂಸ್ಥೆಗೂ ಪಾಠ.

ನಮ್ಮ ರಂಗಶಾಲೆಗಳು ಬೆಳಕು, ಪ್ರಸಾಧನ, ರಂಗಸಜ್ಜಿಕೆ ಕಲಿಸುತ್ತವೆ. ಆಯವ್ಯಯ ಬರೆಯುವುದು, ತಂಡದ ಜಗಳ ಬಿಡಿಸುವುದು, ತನ್ನ ಜಾಗಕ್ಕೆ ಇನ್ನೊಬ್ಬರನ್ನು ತಯಾರು ಮಾಡುವುದು ಅಷ್ಟೇ ಗಂಭೀರವಾದ ಪಾಠವಾಗಬೇಕು. ನಮ್ಮ ಕಡೆಯ ಮಂಡಳಿಗಳಲ್ಲೂ ನನ್ನದೊಂದು ಬೇಡಿಕೆ: ಈ ಸಲ ‘ಕುರುಕ್ಷೇತ್ರ’ ಕಟ್ಟುವಾಗ ಹೋದ ಸಲ ಆಡಿದವರಲ್ಲಿ ಇಬ್ಬರನ್ನಾದರೂ ಜೊತೆಗೆ ಇಟ್ಟುಕೊಳ್ಳಿ, ನಾಟಕ ಮುಗಿದ ಮೇಲೆ ಲೆಕ್ಕದ ಪುಸ್ತಕವನ್ನು ಎಸೆಯದೆ ಮುಂದಿನವರ ಕೈಗೆ ಕೊಡಿ.